ಕುರಿಗಾಹಿಯ ಗಂಟಲ ಕೊಳವೆ

ಉಸಿರಾಟದ ಸದ್ದು ವಾರ್ಡಿನ ಬಾಗಿಲಿಗೇ ಕೇಳಿಸುತ್ತಿತ್ತು. ಹರಿಯಬ್ಬೆ ಕಡೆಯ ಕುರಿಗಾಹಿಯೊಬ್ಬನನ್ನು ಗಾಡಿಯಲ್ಲಿ ಹಿರಿಯೂರಿಗೂ, ಅಲ್ಲಿಂದ ಬಸ್ಸಿನಲ್ಲಿ ಚಿತ್ರದುರ್ಗಕ್ಕೂ ಕರೆತಂದಿದ್ದರು. ಐವತ್ತು ದಾಟಿದ ಆಳು. ಒಂದೊಂದು ಉಸಿರಿಗೂ ಕೊರಳಿನ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಹೆಗಲು ಮೇಲಕ್ಕೇಳುತ್ತಿತ್ತು. ವರ್ಷದಿಂದ ದನಿ ಒಡೆದಿತ್ತಂತೆ. ಬೀಡಿ ಸೇದಿ ಹಾಗಾಗಿದೆ ಎಂದು ಮನೆಯವರು ಸುಮ್ಮನಿದ್ದರು. ಎಪ್ಪತ್ತರ ದಶಕದ ಮಧ್ಯಭಾಗ ಅದು. ನಾನಾಗ ದುರ್ಗದ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ.

ಸರ್ಜನ್ನರು ಬಂದರು. ಬಾಯೊಳಗೆ ಕನ್ನಡಿ ಇಟ್ಟು ಗಂಟಲು ನೋಡಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. "ಟೈಮಿಲ್ಲ ಸಿಸ್ಟರ್. ಈಗಲೇ ಕುತ್ತಿಗೆಗೆ ಕೊಳವೆ ಹಾಕಬೇಕು. ಒಪ್ಪಿಗೆ ತಗೊಳ್ಳಿ" ಎಂದರು.

ಒಪ್ಪಿಗೆ ಕೊಡಬೇಕಾದವಳು ಹೆಂಡತಿ. ಮೈದುನನ ಹೆಗಲ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. "ಗಂಟಲಿಗೆ ಸಣ್ಣ ಆಪರೇಷನ್ ಮಾಡ್ತೀವಿ ಅಕ್ಕ. ಉಸಿರು ಸಲೀಸಾಗುತ್ತೆ" ಎಂದೆ. ಆಕೆಯ ಹೆಬ್ಬೆಟ್ಟು ಹಿಡಿದು ಇಂಕ್ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿಸಿದೆ. ಬೆರಳು ಒರೆಸಲು ಬಟ್ಟೆ ಕೊಟ್ಟಾಗಲೇ ನಾನು ಮುಖ ನೋಡಿದ್ದು. ಕೆನ್ನೆ ತುಂಬ ಸಿಡುಬಿನ ಕಲೆ, ಎರಡೂ ಕಣ್ಣಿನಲ್ಲಿ ಬಿಳಿ ಪೊರೆ. ಆರೇಳು ವರ್ಷದವಳಿದ್ದಾಗ ಅಮ್ಮ ಎದ್ದು, ಅಂದರೆ ಸಿಡುಬು ಬಂದು, ಕಣ್ಣು ಹೋಗಿದ್ದವು ಎಂದು ಮೈದುನ ಹೇಳಿದ. ನನಗೆ ನಿಂತು ಕೇಳುವಷ್ಟು ಪುರುಸೊತ್ತಿರಲಿಲ್ಲ.

ಆಪರೇಷನ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಗಂಟಲ ಗುಬುಟಿನ ಕೆಳಗೆ ಶ್ವಾಸನಾಳದಲ್ಲಿ ತೂತು ಮಾಡಿ, ಬಾಗಿದ ಲೋಹದ ಕೊಳವೆ ಕೂರಿಸಿ, ಕುತ್ತಿಗೆಯ ಸುತ್ತ ಲಾಡಿ ಕಟ್ಟಿದರು. ಕೊಳವೆಯೊಳಗೆ ಇನ್ನೊಂದು ತೆಳು ಕೊಳವೆ ಇರುತ್ತದೆ. ಕಫ ಒಣಗಿ ಕಟ್ಟಿಕೊಳ್ಳುವುದು ಅದರಲ್ಲಿ. ಅದನ್ನು ತಿರುಗಿಸಿ ಹೊರಗೆಳೆದು, ತೊಳೆದು ಮತ್ತೆ ಹಾಕುತ್ತಿರಬೇಕು. ಗಾಳಿ ಕೊಳವೆಯಿಂದಲೇ ಹೋಗಿಬರುವುದರಿಂದ ದನಿಪೆಟ್ಟಿಗೆಯ ತನಕ ಏರುವುದಿಲ್ಲ. ಹಾಗಾಗಿ ಮಾತು ಹೊರಡುವುದಿಲ್ಲ.

ಆ ಕೊನೆಯ ಸಂಗತಿಯನ್ನು ನಾನು ಆಕೆಗೆ ಹೇಳಿರಲಿಲ್ಲ.

ಸಂಜೆ ಮುಂದೆ ಆಕೆಯನ್ನು ಮಂಚದ ಬಳಿಗೆ ಕರೆತಂದೆ. ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. "ಇದು ಅವ್ರ ಮಂಚ ಅಲ್ಲ ಕಣ್ರಿ. ಇಲ್ಲಿ ಬ್ಯಾರೆ ಯಾರೋ ಮಲಗ್ಯಾರೆ."

"ಅವರೇ ಅಕ್ಕ."

"ಅಲ್ಲ. ಈ ಉಸಿರು ಅವ್ರದಲ್ಲ." ಮಂಚದ ಕಡೆ ಮುಖ ಮಾಡಿ, "ಏನ್ರೀ, ಅದೀರಾ?" ಎಂದಳು.

ಆತನ ತುಟಿ ಆಡಿತು. ಕೊಳವೆಯಿಂದ ಗಾಳಿ ಬುಸ್ ಎಂದು ಬಂತೇ ಹೊರತು ಮಾತು ಬರಲಿಲ್ಲ. ಆತ ಕಣ್ಣರಳಿಸಿ ನನ್ನನ್ನು ನೋಡಿದ. ಹೆಂಡತಿಗೆ ಕಾಣಲಿ ಎಂಬಂತೆ ಕುತ್ತಿಗೆ ತೋರಿಸಿದ. ತೋರಿಸಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ನಾನು ಆಕೆಯ ಕೈ ಹಿಡಿದು ಆತನ ಎದೆಯ ಮೇಲೆ ಇಟ್ಟೆ. ಆತ ಅವಳ ಮುಂಗೈ ಹಿಡಿದುಕೊಂಡ. ಹಿಡಿತದಿಂದ ಗುರುತಾಯಿತು. ಆಕೆ ಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿ ಲಾಡಿ ಮುಟ್ಟಿದಳು, ಲೋಹ ಮುಟ್ಟಿದಳು. ಬಿಸಿಯುಸಿರು ಬೆರಳಿಗೆ ಬಡಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡಳು.

"ಇಲ್ಲಿಂದ ಉಸಿರಾಡ್ತಾರಾ?"

"ಹೌದಕ್ಕ."

"ಮಾತು?"

"ಸದ್ಯಕ್ಕೆ ಬರಲ್ಲ."

"ಹೆಬ್ಬೆಟ್ಟು ಒತ್ತಿಸ್ಕಳಾಗ ಇದ ಹೇಳಿದ್ರೆ ನಾನೇನ್ ಬ್ಯಾಡ ಅಂತಿದ್ನಾ?" ಎಂದಳು. ಜೋರು ದನಿಯಲ್ಲೇನೂ ಅಲ್ಲ. ತಪ್ಪಾಯಿತು ಎಂದು ಹೇಳಿದೆನೋ, ಬರೀ ಅಂದುಕೊಂಡೆನೋ, ಈಗ ನೆನಪಿಲ್ಲ.

ಮೂರನೇ ದಿನ ಸರ್ಜನ್ನರು ಗಂಟಲಿನ ಗಡ್ಡೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ಉತ್ತರ ಬರುವ ಹೊತ್ತಿಗೆ ವಾರ ದಾಟಿತ್ತು. ಅನುಮಾನಪಟ್ಟಂತೆ ಕ್ಯಾನ್ಸರ್. ಕರೆಂಟು ಕೊಡಿಸಿದರೆ ಗಡ್ಡೆ ಕರಗಬಹುದು ಎಂದು ಅಲ್ಲಿಯ ದೊಡ್ಡಾಸ್ಪತ್ರೆಯವರು ಬರೆದಿದ್ದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಎಲ್ಲರೂ ಹೇಳುವುದು ಕರೆಂಟು ಎಂದೇ. ವಾರಕ್ಕೆ ಐದು ದಿನದಂತೆ ಆರು ವಾರ. ಆದರೆ ಮಂಚ ಖಾಲಿಯಿಲ್ಲ. ಹತ್ತಿರದ ಛತ್ರದಲ್ಲಿದ್ದು ದಿನಾ ಬಂದುಹೋಗಬೇಕು. ಕೊಳವೆಯ ಆರೈಕೆ ಚೆನ್ನಾಗಿ ಗೊತ್ತಿರುವ ಒಬ್ಬರು ಸದಾ ಜೊತೆಗಿರಬೇಕು. ಇಲ್ಲದಿದ್ದರೆ ಕಳಿಸಬೇಡಿ ಎಂಬುದು ಕೊನೆಯ ಸಾಲು.

ಈ ಸಲ ಇಬ್ಬರನ್ನೂ ಕೂರಿಸಿಕೊಂಡು ಕಾಗದದಲ್ಲಿದ್ದುದನ್ನೆಲ್ಲ ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟು ಕೊಡಿಸ್ದಿದ್ರೆ?"

"ಗಡ್ಡೆ ಬೆಳೀತದೆ ಅಕ್ಕ. ಅನ್ನದ ದಾರಿನೂ ಮುಚ್ಚುತ್ತೆ."

ಆತ ಹೆಂಡತಿಯ ಮುಂಗೈ ಮೇಲೆ ಒಂದು ಬೆರಳಿನಿಂದ ಎರಡು ಸಲ ಬಡಿದ. "ನೀರು ಕೊಡ್ರಿ" ಎಂದಳು ನನಗೆ. ನಾನು ಬೆರಗಾಗಿ ಕೇಳಿದಾಗ ಗೊತ್ತಾಯಿತು, ಅವರಿಬ್ಬರೂ ಈ ವಾರದಲ್ಲಿ ತಾವೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಒಂದು ಬಡಿತ ಕಫಕ್ಕೆ, ಎರಡು ನೀರಿಗೆ, ಮೂರು ಎದ್ದು ಕೂರುವುದಕ್ಕೆ. ಆಕೆ ಕೈಗೆ ಸಿಗದಷ್ಟು ದೂರ ಹೋಗಿದ್ದರೆ ಕರೆಯಲು ಲೋಟಕ್ಕೆ ಚಮಚ ಬಡಿಯುತ್ತಿದ್ದ. ಇವು ಬಿಟ್ಟು, ಕೆಲವು ಸಲ ಬೆರಳನ್ನು ಅವಳ ಮುಂಗೈ ಮೇಲೆ ಉದ್ದಕ್ಕೆ ಎಳೆಯುತ್ತಿದ್ದ. ಅದೇನು ಎಂದೆ. "ಅದು ಸುಮ್ನೆ" ಎಂದು ಮುಖ ತಿರುಗಿಸಿದಳು.

ಮೊದಲು ಆತನಿಗೇ ಕಲಿಸೋಣ ಎಂದು ಕನ್ನಡಿ ಹಿಡಿದೆ. ಎಷ್ಟೋ ರೋಗಿಗಳು ಕನ್ನಡಿ ನೋಡಿಕೊಂಡು ತಾವೇ ಮಾಡಿಕೊಳ್ಳುತ್ತಾರೆ. ಆತ ತನ್ನ ಕೊರಳಿನ ತೂತು ನೋಡಿದ್ದೇ ಕನ್ನಡಿಯನ್ನು ತಳ್ಳಿಬಿಟ್ಟ. ಎರಡು ದಿನ ಪ್ರಯತ್ನಪಟ್ಟೆ. ಕೊಳವೆ ಮುಟ್ಟುವುದಿರಲಿ, ನಾನು ತೊಳೆಯುವಾಗಲೂ ಗೋಡೆ ಕಡೆ ಮುಖ ಮಾಡುತ್ತಿದ್ದ.

ಆಮೇಲೆ ಆತನ ತಮ್ಮ. ಗಟ್ಟಿ ಆಳು, ಒಂದೇ ದಿನದಲ್ಲಿ ಕಲಿತ. ನನಗೆ ಸಮಾಧಾನವಾಯಿತು. ಹೆಂಡತಿಗೆ ಕಲಿಸಬಹುದೆಂಬ ಯೋಚನೆ ನನಗೆ ಬಂದೇ ಇರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಕೆ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಅವಳ ತಲೆಯ ಮೇಲಿಂದ ಮೈದುನನ ಜೊತೆ ಮಾತಾಡುತ್ತಿದ್ದೆ.

ಬೇಸಿಗೆಯ ದಿನಗಳು. ದುರ್ಗದ ಬಂಡೆಗಳು ಕಾದು, ಮಧ್ಯಾಹ್ನದ ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ಅಂಥ ಹವೆಯಲ್ಲಿ ಕಫ ಬೇಗ ಒಣಗುತ್ತದೆ. ಕೊಳವೆಯ ಬಾಯಿಗೆ ಒದ್ದೆ ಜಾಳು ಬಟ್ಟೆ ಹಾಕಿರುತ್ತಿದ್ದೆವು; ಅದೂ ಗಳಿಗೆಯಲ್ಲಿ ಆರುತ್ತಿತ್ತು. ಒಂದು ಮಧ್ಯಾಹ್ನ ನಾನು ವಾರ್ಡಿನ ಇನ್ನೊಂದು ತುದಿಯಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಕುರಿಗಾಹಿ ಕಣ್ಣು ಮುಚ್ಚಿ ಮಲಗಿದ್ದ. ತಮ್ಮ ಪಕ್ಕದಲ್ಲೇ ಕೂತಿದ್ದ. ಹೆಂಡತಿ ಮಂಚದ ಕಾಲಿನ ಬಳಿ ನೆಲದ ಮೇಲಿದ್ದಳು.

"ನರ್ಸಮ್ಮಾ, ಸ್ವಲ್ಪ ಬರ್ರಿ. ಉಸಿರು ಸಣ್ಣಗಾಗೈತೆ" ಎಂದಳು.

ತಿರುಗಿ ನೋಡಿದೆ. ತುಟಿಯ ಬಣ್ಣ ಸರಿಯಾಗಿತ್ತು, ಎದೆ ನಿಧಾನಕ್ಕೆ ಏರಿಳಿಯುತ್ತಿತ್ತು. "ಬಂದೆ, ಇರಿ ಅಕ್ಕ" ಎಂದು ಪಟ್ಟಿ ಸುತ್ತುವುದನ್ನು ಮುಂದುವರಿಸಿದೆ.

"ಅತ್ಗೆ, ಆರಾಮಾಗಿ ಮಲಗ್ಯಾನೆ ಬಿಡು" ಎಂದ ಮೈದುನ.

"ಶಿಳ್ಳೆ ಬರ್ತೈತೆ! ಓಡಿ ಬರ್ರೀ!"

ಆ ದನಿಗೆ ನಾನು ಕತ್ತರಿ ಬಿಟ್ಟು ಎದ್ದೆ. ಅರ್ಧ ದಾರಿಯಲ್ಲಿರುವಾಗ ಆತ ದಿಗ್ಗನೆ ಎದ್ದು ಕೂತು ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡ. ತಮ್ಮ ಎದ್ದು ನಿಂತನಾದರೂ ಕೈ ಮುಂದೆ ಬರಲಿಲ್ಲ. ನಾನು ಒಳಕೊಳವೆ ತಿರುಗಿಸಿ ಎಳೆದೆ. ಜಾಲಿಯ ಅಂಟಿನಂತೆ ಕಂದು ಕಫ ಅದರ ಬಾಯಿಯನ್ನು ಪೂರಾ ಮುಚ್ಚಿತ್ತು. ಒಂದು ಕೆಮ್ಮು ಬಂತು, ಆಮೇಲೆ ಗಾಳಿ ಓಡಾಡಿತು.

ತಮ್ಮ ಬೆವರುತ್ತಾ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. "ನನ್ನ ಕೈಲಿ ಆಗಲ್ಲರೀ. ಆರು ವಾರ ಇದನ್ನ ನೋಡ್ಕಂಡು ಕುಂತ್ಕಳಾಕೆ ಆಗಲ್ಲ. ಕುರಿ ಬ್ಯಾರೆ ಬ್ಯಾರೇವ್ರ ಕೈಲಿ ಬಿಟ್ಟು ಬಂದೀನಿ" ಎಂದ. ಅವನನ್ನು ದೂರುವುದಕ್ಕೆ ನನಗೆ ಬಾಯಿ ಬರಲಿಲ್ಲ. ಎರಡು ಕಣ್ಣಿದ್ದ ನಾನೂ ನೋಡಿ ಸರಿಯಾಗಿದೆ ಎಂದುಕೊಂಡವಳೇ ಅಲ್ಲವೇ?

ಆ ಸಂಜೆ ಆಕೆಯನ್ನು ಕೇಳಿದೆ, ಹೇಗೆ ಗೊತ್ತಾಯಿತು ಎಂದು. "ತೊಳೆದಾಗ ಉಸಿರು ದಪ್ಪ ಇರ್ತೈತೆ. ಹೊತ್ತಾದಂಗೆ ಸಣ್ಣಗಾಗ್ತೈತೆ. ಕಟ್ಕಳಾಕ್ ಮುಂಚೆ ಶಿಳ್ಳೆ ಬರ್ತೈತೆ. ದಿನಾ ಕೇಳ್ತಾನೇ ಇದೀನಲ್ಲ."

ಮಾರನೆಯ ದಿನದಿಂದ ಒಂದು ಪರೀಕ್ಷೆ ಶುರು ಮಾಡಿದೆ. ಪ್ರತಿ ಸಲ ಒಳಕೊಳವೆ ತೆಗೆಯುವ ಮುಂಚೆ ಆಕೆಯನ್ನು ಕೇಳುವುದು, ಆಕೆ ಹೇಳಿದ್ದನ್ನು ಬರೆದುಕೊಳ್ಳುವುದು, ಆಮೇಲೆ ತೆಗೆದು ನೋಡುವುದು. ಮೂರು ದಿನ ಹೀಗೆ ನಡೆಸಿದೆ. ಎರಡು ಸಲ ತಪ್ಪಿದಳು. ಒಂದು ಸಲ ಪಕ್ಕದ ಮಂಚದವನ ಗೊರಕೆ ಅಡ್ಡ ಬಂದಿತ್ತು. ಉಳಿದಂತೆ ಆಕೆ ಹೇಳಿದ್ದಕ್ಕೂ ಕೊಳವೆಯಲ್ಲಿ ಕಂಡದ್ದಕ್ಕೂ ತಾಳೆಯಾಯಿತು. ಆ ಕಾಗದ ಹಿಡಿದು ಸರ್ಜನ್ನರ ಕೋಣೆಗೆ ಹೋದೆ.

"ಆಕೆಗೇ ಕಲಿಸ್ತೀನಿ ಸರ್."

ಅವರು ಕಾಗದ ಓದಿದರು. "ಕೇಳಿಸ್ಕೊಳ್ಳೋದು ಬೇರೆ, ತೆಗೆದು ಹಾಕೋದು ಬೇರೆ ಸಿಸ್ಟರ್. ಛತ್ರದಲ್ಲಿ ನೀವೂ ಇರಲ್ಲ, ನಾನೂ ಇರಲ್ಲ. ಕಟ್ಟಿಕೊಂಡರೆ ಐದು ನಿಮಿಷದ ಮಾತು."

"ಕಲಿಸದೆ ಹೋದ್ರೆ ಅವರು ಬೆಂಗಳೂರಿಗೇ ಹೋಗೋದಿಲ್ಲ."

ಅವರು ಕಾಗದವನ್ನು ಇನ್ನೊಮ್ಮೆ ಓದಿದರು. "ಹತ್ತು ದಿನ ಕೊಡ್ತೀನಿ. ಆಮೇಲೆ ನಾನು ನೋಡ್ತೀನಿ. ಮನಸ್ಸಿಗೆ ಬರದಿದ್ರೆ ಇಲ್ಲ ಅಂತೀನಿ."

ಹಳೆಯ ಒಂದು ಜೋಡಿ ಕೊಳವೆಯನ್ನು ಬ್ಯಾಂಡೇಜ್ ಸುರುಳಿಗೆ ಸಿಕ್ಕಿಸಿ ಆಕೆಯ ಮಡಿಲಿಗೆ ಇಟ್ಟೆ. ಅವಳ ಬೆರಳು ಹಿಡಿದು, ಇದು ಕೊಕ್ಕೆ, ಹೀಗೆ ತಿರುಗಿಸು, ಹೀಗೆ ಎಳೆ, ಎಂದು ನಡೆಸಿದೆ. ಅವಳ ಕೈ ನನ್ನ ಹಿಡಿತದಲ್ಲಿ ಕಟ್ಟಿಗೆಯಂತೆ ಬಿಗಿದಿತ್ತು. ಒಳಕೊಳವೆ ಜಾರಿ ನೆಲಕ್ಕೆ ಬಿತ್ತು. ಮತ್ತೆ ಹಾಕುವಾಗ ಬಾಗು ತಿರುವುಮುರುವಾಯಿತು. ಎರಡನೇ ದಿನವೂ ಹಾಗೇ. ಮೂರನೇ ದಿನ ನಾನು ಅವಸರಪಟ್ಟೆ. ಗಂಡನ ಕೊರಳಿನಲ್ಲೇ ಮಾಡಿಸಿದೆ. ಕೊಳವೆ ಓರೆಯಾಗಿ ತಾಗಿ ಆತನಿಗೆ ಕೆಮ್ಮು ಹತ್ತಿಕೊಂಡಿತು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ಹಾಸಿಗೆಯ ಮೇಲೆ ಒಂದೆರಡು ತೊಟ್ಟು ರಕ್ತವೂ ಬಿತ್ತು. ನಾನೇ ಕೊಳವೆ ಸರಿ ಮಾಡಿದೆ. ಆಕೆ ಗೋಡೆಯವರೆಗೂ ಹಿಂದೆ ಸರಿದು ಕೂತುಬಿಟ್ಟಳು.

"ನನ್ ಕೈಯಾರೆ ಕೊಲ್ತಿದ್ನಲ್ಲಮ್ಮ. ಬ್ಯಾಡ ಬಿಡ್ರಿ. ಊರಿಗೆ ಹೋಗ್ತೀವಿ."

ಆ ದಿನ ಮತ್ತೆ ಕಲಿಸಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಕೊಳವೆ ತೊಳೆಯಲು ಕೂತಾಗ ಆಕೆಯೇ ಪಕ್ಕಕ್ಕೆ ಬಂದಳು.

"ನೀವು ನನ್ ಕೈ ಹಿಡ್ದು ಎಳೆದಾಡ್ತೀರಿ. ನಂಗೆ ನಿಮ್ಮ ಬೆರಳು ಏನ್ ಮಾಡ್ತಾವೆ ಅಂತ ಗೊತ್ತಾಗಲ್ಲ. ನೀವು ನಿಮ್ಮ ಪಾಡಿಗೆ ಮಾಡ್ರಿ. ನಿಮ್ ಕೈ ಮ್ಯಾಲೆ ನಾನು ಕೈ ಇಟ್ಕಂತೀನಿ. ಉಣ್ಣೆ ನೂಲೋದ ನಮ್ಮವ್ವ ನಂಗೆ ಹಂಗೇ ಕಲಿಸಿದ್ದು."

ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಕಲಿಸುವವರ ಕೈ ಮೇಲಿರಬೇಕು ಎಂದೇ ನಾನು ನಂಬಿದ್ದೆ. ಆಕೆ ತನ್ನೆರಡೂ ಕೈಗಳನ್ನು ನನ್ನ ಕೈಗಳ ಮೇಲೆ ಹಗುರವಾಗಿ ಇಟ್ಟಳು, ಬೆರಳಿನ ಮೇಲೆ ಬೆರಳು. ನಾನು ಕೊಕ್ಕೆ ತಿರುಗಿಸಿದೆ. ಹೊರಕೊಳವೆಯನ್ನು ಎಡಗೈಯ ಎರಡು ಬೆರಳಲ್ಲಿ ಒತ್ತಿ ಹಿಡಿದು, ಒಳಗಿನದನ್ನು ಅದರ ಬಾಗಿನ ಗುಂಟ ಕೆಳಮುಖವಾಗಿ ಎಳೆದೆ. "ಓಹೋ, ನೆಟ್ಟಗೆ ಎಳೆಯಲ್ಲ ನೀವು" ಎಂದಳು. ಎಡಗೈ ಒತ್ತಿ ಹಿಡಿಯಬೇಕೆಂಬುದನ್ನು ನಾನು ಬಾಯಲ್ಲಿ ಹೇಳಿಯೇ ಇರಲಿಲ್ಲ. ನಾನು ಹಾಗೆ ಹಿಡಿಯುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಎರಡು ದಿನ ಹಾಗೆ ನಡೆಯಿತು. ಮೂರನೇ ದಿನ ಬ್ಯಾಂಡೇಜ್ ಸುರುಳಿಯ ಮೇಲೆ ಒಬ್ಬಳೇ ಮಾಡಿದಳು. ನಾಲ್ಕನೇ ದಿನ ಗಂಡನ ಕೊರಳಿನಲ್ಲಿ ಮಾಡಿದಳು. ಆತ ಕೆಮ್ಮಲಿಲ್ಲ. ಅವಳ ಹಣೆಯ ಬೆವರನ್ನು ಆತನೇ ಒರೆಸಿದ. ತೊಳೆಯುವ ಕ್ರಮ ಕಲಿಯಲು ಕಷ್ಟವಾಗಲಿಲ್ಲ: ಮೊದಲು ತಣ್ಣೀರು, ಆಮೇಲೆ ಸೋಡಾ ಕಲಸಿದ ನೀರು, ಜಾಳು ಬಟ್ಟೆಯ ಪಟ್ಟಿಯನ್ನು ಕೊಳವೆಯೊಳಗೆ ತೂರಿಸಿ ಆಚೀಚೆ ಎಳೆಯುವುದು, ಕುದಿಸುವುದು, ಆರಿಸುವುದು. ಪಟ್ಟಿ ಎಲ್ಲೂ ತೊಡರದೆ ಜಾರಿದರೆ ಒಳಗೆ ಏನೂ ಉಳಿದಿಲ್ಲವೆಂದು ಲೆಕ್ಕ. ಸ್ಟೋವಿನ ಬಗ್ಗೆ ನಾನು ಹೆದರಿದಾಗ ನಕ್ಕುಬಿಟ್ಟಳು. "ಮನೇಲಿ ದಿನಾ ಮುದ್ದೆ ತಿರುವೋಳು ಯಾರು ಅನ್ಕಂಡೀರಿ?"

ಒಂದು ಕೆಲಸ ಮಾತ್ರ ಉಳಿದಿತ್ತು. ತೊಳೆದ ಕೊಳವೆಯನ್ನು ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿಗೆ ನೋಡಿ, ಬಿರುಕು ಬಿಟ್ಟಿದೆಯೇ, ಕಫದಲ್ಲಿ ರಕ್ತವಿತ್ತೇ ಎಂದು ಪರೀಕ್ಷಿಸಬೇಕು. ನಾನು ದಿನಾ ಕಿಟಕಿಗೆ ಹಿಡಿದು ನೋಡಿ, ಸರಿಯಿದೆ ಎನ್ನುತ್ತಿದ್ದೆ.

"ಬೆಂಗಳೂರಾಗೆ ಇದನ್ನ ಯಾರು ನೋಡ್ತಾರ್ರಿ?" ಎಂದು ಆಕೆ ಕೇಳಿದಳು.

ಛತ್ರದಲ್ಲಿ ಪಕ್ಕದವರನ್ನು ಕೇಳಿಕೊಳ್ಳಿ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಲೋಟಕ್ಕೆ ಚಮಚ ಬಡಿದ ಸದ್ದಾಯಿತು. ತಿರುಗಿದರೆ, ಕುರಿಗಾಹಿ ಎದ್ದು ಕೂತು ನನ್ನ ಕಡೆ ಕೈ ಚಾಚಿದ್ದ. ನೀರು ಬೇಕೇನೋ ಎಂದುಕೊಂಡೆ. ಆತ ತಲೆಯಾಡಿಸಿ ಕೊಳವೆ ತೋರಿಸಿದ. ಕೊಟ್ಟೆ. ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ಒಂದು ಕಣ್ಣು ಮುಚ್ಚಿ ಕಿಟಕಿಗೆ ಹಿಡಿದು ನೋಡಿದ. ತಿರುಗಿಸಿ ಇನ್ನೊಂದು ತುದಿಯಿಂದ ನೋಡಿದ. ಹೆಂಡತಿಯ ಕೈಗೆ ಕೊಟ್ಟು ಮುಂಗೈ ಮೇಲೆ ಬೆರಳು ಬಡಿದ. ಇದು ಹೊಸ ಬಡಿತ, ಬೇಗಬೇಗ ನಾಲ್ಕು.

"ಚೊಕ್ಕ ಐತಂತೆ" ಎಂದಳು ಆಕೆ.

ಅವಳಿಗೆ ಕೈ ಇದ್ದಂತೆ ಆತನಿಗೆ ಕಣ್ಣು ಇತ್ತು. ನಾನು ಇಷ್ಟು ದಿನ ಜೊತೆಗೆ ಹೋಗುವ ಒಬ್ಬರನ್ನು ಹುಡುಕುತ್ತಿದ್ದೆ. ಮಂಚದ ಮೇಲಿದ್ದವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹತ್ತನೇ ದಿನ ಸರ್ಜನ್ನರು ಹೇಳದೆ ಕೇಳದೆ ರೌಂಡ್ಸಿಗಿಂತ ಮುಂಚೆ ಬಂದರು. ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರಲು ಸನ್ನೆ ಮಾಡಿ, ಕಿಟಕಿಯ ಮುಂದೆ ಹೋಗಿ ನಿಂತರು. ಆಕೆ ಕೊಳವೆ ತೆಗೆದಳು, ತೊಳೆದಳು, ಪಟ್ಟಿ ತೂರಿಸಿ ಎಳೆದಳು, ಕುದಿಸಿ ಆರಿಸಿದಳು. ತೊಳೆಯುವ ಮುಂಚೆಯೇ ಆತನ ಕೊರಳಿಗೆ ಬದಲಿ ಒಳಕೊಳವೆ ಹಾಕಿದ್ದಳು. ತೊಳೆದದ್ದನ್ನು ಗಂಡನಿಗೆ ಕೊಡಲು ಕೈ ಚಾಚಿದವಳು ತಟ್ಟನೆ ನಿಲ್ಲಿಸಿದಳು.

"ಯಾರ್ರೀ ಅದು? ಕೈ ಮೇಲಿನ ಬಿಸಿಲು ಹೋತು. ಆ ಕಡೆ ಸರೀರಿ, ಅವ್ರಿಗೆ ಕಾಣಲ್ಲ."

ಸರ್ಜನ್ನರು ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಕುರಿಗಾಹಿ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ ನಾಲ್ಕು ಬಡಿದ. ಅವರು ಅಲ್ಲೇ ನಿಂತು ನನ್ನ ಕೈಯಿಂದ ಕೇಸ್ ಶೀಟು ಇಸಿದುಕೊಂಡು, ಕಳಿಸಬಹುದು ಎಂದು ಬರೆದರು. ಹೋಗುವಾಗ, "ಎರಡು ಜೋಡಿ ಕೊಡಿ. ಒಂದು ಕೆಳಗೆ ಬಿದ್ದರೆ ಇನ್ನೊಂದು ಇರಲಿ" ಎಂದರು.

ದೊಡ್ಡಾಸ್ಪತ್ರೆಯವರಿಗೆ ಅವರು ಬರೆದ ಪತ್ರದ ಕೆಳಗೆ ನಾನೂ ನಾಲ್ಕು ಸಾಲು ಸೇರಿಸಲು ಅಪ್ಪಣೆ ಕೇಳಿದೆ. 'ಈತನಿಗೆ ಮಾತು ಹೊರಡುವುದಿಲ್ಲ, ಕಣ್ಣು ಕಿವಿ ಚೆನ್ನಾಗಿವೆ. ಈಕೆಗೆ ಕಣ್ಣು ಕಾಣುವುದಿಲ್ಲ. ಮಾಡುವುದನ್ನೆಲ್ಲ ಮುಂಚೆಯೇ ಇಬ್ಬರಿಗೂ ಬಾಯಲ್ಲಿ ಹೇಳಿ. ಕರೆಂಟಿನ ಕೋಣೆಯಲ್ಲಿ ಕಫ ಬಂದರೆ ಈತ ಬಲಗೈ ಎತ್ತುತ್ತಾನೆ, ದಯವಿಟ್ಟು ಕಣ್ಣಿಟ್ಟಿರಿ' ಎಂದು ಬರೆದೆ. ಅವರಿಬ್ಬರಿಗೂ ಓದಿ ಹೇಳಿದೆ. ಆಕೆ, "ಇನ್ನೊಂದ್ ಸಲ ಓದ್ರಿ" ಎಂದು ಬಾಯಿಪಾಠ ಮಾಡಿಕೊಂಡಳು. ಪತ್ರ ಕಳೆದರೆ ಮಾತಾದರೂ ಇರುತ್ತದಲ್ಲ.

ಅವರು ಬೆಂಗಳೂರಿಗೆ ಹೊರಟ ಮೇಲೆ ಆರು ವಾರ, ಏಳು ವಾರ ಏನೂ ಸುದ್ದಿಯಿಲ್ಲ. ಒಂದು ಕಾರ್ಡು ಬರೆಸಬಹುದಿತ್ತು ಎಂದು ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಎಂಟನೇ ವಾರದ ಕೊನೆಗೆ ಇಬ್ಬರೂ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಕುರಿಗಾಹಿಯ ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಗಿತ್ತು, ಮೈ ಇಳಿದಿತ್ತು. ಕೊಳವೆ ಚೊಕ್ಕವಾಗಿತ್ತು. ಮೊದಲ ದಿನ ಅಲ್ಲಿ ಆಕೆಯನ್ನು ನೋಡಿ, ಕಣ್ಣಿರುವವರು ಯಾರೂ ಇಲ್ಲವೇ ಎಂದು ಕೇಳಿದ್ದರಂತೆ. "ಅವ್ರಿಗೆ ಅದಾವಲ್ಲ ಅಂದೆ. ಅಲ್ಲೇ ಕುಂತು ತೊಳೆದು ತೋರಿಸ್ದೆ. ಮತ್ತೆ ಯಾರೂ ಕೇಳಲಿಲ್ಲ" ಎಂದಳು.

ಸರ್ಜನ್ನರು ಕನ್ನಡಿ ಇಟ್ಟು ಗಂಟಲು ನೋಡಿದರು. ಈ ಸಲ ನಿಧಾನವಾಗಿ, ಪೂರ್ತಿ ನೋಡಿದರು. ಗಡ್ಡೆ ಬಹಳ ಮಟ್ಟಿಗೆ ಇಳಿದಿದೆ, ಪೂರ್ತಿ ಹೋಗಿದೆ ಎಂದು ಈಗಲೇ ಹೇಳಲಾಗದು, ಎರಡು ತಿಂಗಳಿಗೊಮ್ಮೆ ಬರಬೇಕು ಎಂದರು. ಆಮೇಲೆ ಕೊಳವೆಯ ಬಾಯಿಗೆ ಬೆರಳು ಒತ್ತಿ, "ಏನಾದ್ರೂ ಮಾತಾಡಪ್ಪ" ಎಂದರು.

ಆತ ಸುತ್ತ ನಿಂತ ನಮ್ಮನ್ನೆಲ್ಲ ನೋಡಿ ನಾಚಿಕೊಂಡ. ತುಟಿ ಬಿಗಿಹಿಡಿದ.

"ಮಾತಾಡ್ರಿ, ಕೇಳ್ತಾರೆ" ಎಂದಳು ಹೆಂಡತಿ. ಆಕೆಗೆ ಏನು ನಡೆಯುತ್ತಿದೆಯೆಂದು ಪೂರ್ತಿ ತಿಳಿದಿರಲಿಲ್ಲ. ನಾನು ಬಾಗಿ ಕಿವಿಯಲ್ಲಿ ಹೇಳಿದೆ: ಕೊಳವೆ ಮುಚ್ಚಿದ್ದಾರೆ, ಗಾಳಿ ಮೇಲಕ್ಕೆ ಹೋಗುತ್ತದೆ, ದನಿ ಬಂದರೂ ಬರಬಹುದು, ಬರದೆಯೂ ಇರಬಹುದು. ಆಕೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಸರ್ಜನ್ನರು ಬೆರಳು ತೆಗೆದು, ಆತನ ಬೆರಳನ್ನೇ ಅಲ್ಲಿಗೆ ಇಟ್ಟರು. ಆತ ಒತ್ತಿದ. ಗಂಟಲಲ್ಲಿ ಏನೋ ಗೀಚಿದಂತೆ ಸದ್ದಾಯಿತು. ಮತ್ತೊಮ್ಮೆ ಉಸಿರೆಳೆದುಕೊಂಡು ಒತ್ತಿದ. ಮೂರು ತಿಂಗಳ ಮೇಲೆ ಹೊರಬಂದ ಮಾತು ಒರಟಾಗಿತ್ತು, ಆದರೆ ವಾರ್ಡಿಗೆಲ್ಲ ಕೇಳುವಂತಿತ್ತು.

"ಹಿರಿಯೂರು ಬಸ್ಸಿಗೆ ಹೊತ್ತಾತು. ಏಳು, ಹೋಗಾಣ."

ಆಕೆ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ನೆಲದ ಮೇಲಿದ್ದ ಗಂಟನ್ನು ಕೈಯಾಡಿಸಿ ಹುಡುಕಿ ಎತ್ತಿಕೊಂಡಳು. "ಇನ್ನೂ ಅರ್ಧ ಗಂಟೆ ಐತಂತೆ, ಈಗ ತಾನೇ ಕೇಳಿದೀನಿ" ಎಂದು ಜಗಳಕ್ಕೆ ನಿಂತಳು. ಕೆನ್ನೆ ಒದ್ದೆಯಾಗಿತ್ತು. ಆತ ಕೊಳವೆಯ ಮೇಲೆ ಬೆರಳಿಟ್ಟು, ಅದಕ್ಕೂ ಏನೋ ಉತ್ತರ ಹೇಳಿದ.